ಹಡಗಿನ ತಳದ ನೀರಿನ ರುಚಿ

೨೦೨೨ರ ಮಾರ್ಚ್ ೧೮, ಶುಕ್ರವಾರ. ಬೆಳಿಗ್ಗೆ ಹತ್ತೂಕಾಲಿಗೆ ಬರೆಯಲು ಕೂತಿದ್ದೇನೆ. ಇಂದು ಐರ್ಲೆಂಡಿನಲ್ಲಿ ರಜೆ. ಕೊರೊನಾದಲ್ಲಿ ತೀರಿಕೊಂಡವರ ನೆನಪಿಗೆ ಸರ್ಕಾರ ಈ ಒಂದು ಸಲಕ್ಕೆಂದು ಕೊಟ್ಟ ರಜೆ. ಗಂಡ ಹರೀಶ್ ಮಗಳನ್ನು ಕರೆದುಕೊಂಡು ಪಾರ್ಕಿಗೆ ಹೋಗಿದ್ದಾನೆ. ಕಾರ್ಕ್ ನಗರದ ಡಗ್ಲಸ್ ಬಡಾವಣೆಯ ಈ ಮನೆಯಲ್ಲಿ ಈಗ ನಾನೊಬ್ಬಳೇ.

ಕೆಲಸದಿಂದ ನಿವೃತ್ತಳಾಗಿ ಐದು ವಾರವಾಯಿತು. ನನಗೆ ಮೂವತ್ತಾರು ವರ್ಷ. ನಿವೃತ್ತಿ ಎಂದರೆ ಹಾರ, ಶಾಲು, ಗುಂಪು ಫೋಟೊ ಎಂದುಕೊಂಡವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನನಗೆ ಸಿಕ್ಕಿದ್ದು ವೈದ್ಯರ ಪತ್ರ. ಧೂಳು, ಬೂಷ್ಟು, ಏಣಿ, ಈ ಮೂರೂ ನನ್ನ ಶ್ವಾಸಕೋಶಕ್ಕೆ ಆಗದು ಎಂದು ಅದರಲ್ಲಿ ಬರೆದಿದೆ. ಹಳೆಯ ಮರದ ಹಡಗಿನಲ್ಲಿ ಈ ಮೂರನ್ನು ಬಿಟ್ಟರೆ ಬೇರೆ ಕೆಲಸವೇ ಇಲ್ಲ.

ಹೋದ ತಿಂಗಳು ಡಬ್ಲಿನ್‌ನಲ್ಲಿ ಓದುತ್ತಿರುವ ಮೈಸೂರಿನ ಇಬ್ಬರು ಹುಡುಗಿಯರು ಫೋನ್ ಮಾಡಿದ್ದರು. "ಅಕ್ಕಾ, ಹಳೇ ಕಟ್ಟಡ, ಹಳೇ ಹಡಗು ಕಾಪಾಡೋ ಕೋರ್ಸ್ ತಗೊಂಡಿದೀವಿ. ಕೆಲಸ ನಿಜವಾಗ್ಲೂ ಹೇಗಿರತ್ತೆ?" ಎಂದು ಕೇಳಿದರು. "ಗ್ರ್ಯಾಂಡ್ ಆಗಿರತ್ತೆ" ಎಂದು, ಇಲ್ಲಿಯವರು ಚೆನ್ನಾಗಿದೆ ಎನ್ನಲು ಎಲ್ಲದಕ್ಕೂ ಬಳಸುವ ಮಾತನ್ನೇ ಹೇಳಿ ಫೋನಿಟ್ಟೆ. ಆ ಉತ್ತರ ಸಾಲದು ಎಂದು ಆಮೇಲೆ ಅನ್ನಿಸಿತು. ಅವರಿಗಾಗಿ, ಅವರಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ ನನಗಿದೆ, ದಿನಾಂಕಗಳೆಲ್ಲ ಅದರಿಂದ ತೆಗೆದವು. ಬಡ್ತಿ, ಸಂಬಳದ ವಿಷಯ ಬರೆಯುವುದಿಲ್ಲ. ಅವು ಎಲ್ಲ ಕೆಲಸದಲ್ಲೂ ಹೆಚ್ಚುಕಡಿಮೆ ಒಂದೇ ಥರ.

ಮೊದಲು ಹಡಗಿನ ವಿಷಯ ಹೇಳುತ್ತೇನೆ. ಹೆಸರು ಹಾಕುತ್ತಿಲ್ಲ, ನಾನು ಕೆಲಸ ಮಾಡಿದ ಟ್ರಸ್ಟಿನವರ ಕೋರಿಕೆ ಅದು. ಕಾರ್ಕ್ ಬಂದರಿನ ಕೆಳಭಾಗದಲ್ಲಿ, ಸಮುದ್ರದ ನೀರು ನೇರವಾಗಿ ಒಳಬರುವ ಕಡೆ, ಒಂದು ಹಳೆಯ ಕಲ್ಲಿನ ಕಟ್ಟೆಗೆ ಅದನ್ನು ಕಟ್ಟಿಹಾಕಿದ್ದಾರೆ. ಹಾಯಿಪಟಗಳಿಲ್ಲ. ಮೂರು ಕಂಬಗಳಲ್ಲಿ ಒಂದೇ ಉಳಿದಿದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ನಮ್ಮ ದೇಶದ ಒಂದು ಹಡಗುಕಟ್ಟೆಯಲ್ಲಿ, ನಮ್ಮ ಸಾಗುವಾನಿಯಿಂದ ಕಟ್ಟಿದ ಹಡಗು ಅದು. ಒಳಗೆ ಎರಡು ಸಾಲು ಹಲಗೆ ಮಂಚ ಹೊಡೆದು, ಇಂಗ್ಲೆಂಡ್ ಮತ್ತು ಐರ್ಲೆಂಡಿನ ಬಡವರನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಸ ವಸಾಹತುಗಳಿಗೆ ಸಾಗಿಸುತ್ತಿದ್ದರು. ತಿಂಗಳುಗಟ್ಟಲೆ ಪ್ರಯಾಣ. ಉಗಿ ಹಡಗುಗಳು ಬಂದಮೇಲೆ ಇದಕ್ಕೆ ಕೆಲಸವಿಲ್ಲದಾಯಿತು. ಕಂಬ ಕಡಿದು, ಕಲ್ಲಿದ್ದಲು ತುಂಬಿಡುವ ತೇಲುವ ಗೋದಾಮು ಮಾಡಿದರು. ಆ ಕಾಲದಲ್ಲಿ ಕೆಟ್ಟಲ್ಲೆಲ್ಲ ಪೈನ್ ಮರದ ತೇಪೆ ಹಾಕಿದರು. ಆಮೇಲೆ ಯಾರಿಗೂ ಬೇಡವಾಗಿ ಕೆಸರಿನಲ್ಲಿ ಕೂತಿತು. ಊರವರು ಸೇರಿ ಟ್ರಸ್ಟ್ ಮಾಡಿ ಎತ್ತಿಸಿದ ಮೇಲೆ ಮ್ಯೂಸಿಯಂ ಆಯಿತು.

ಸಾಗುವಾನಿ ನನಗೆ ಹೊಸದಲ್ಲ. ಅಪ್ಪ ದಾಂಡೇಲಿಯ ಟಿಂಬರ್ ಡಿಪೊದಲ್ಲಿ ಗುಮಾಸ್ತರಾಗಿದ್ದರು. ನಾವು ಮಕ್ಕಳು ಹರಾಜಿಗಿಟ್ಟ ದಿಮ್ಮಿಗಳ ಮೇಲೆ ಕುಂಟಾಬಿಲ್ಲೆ ಆಡಿಕೊಂಡು ಬೆಳೆದವರು. ಬೆಂಗಳೂರಿನಲ್ಲಿ ಮರದ ವಿಜ್ಞಾನ ಓದಿದೆ. ಹರೀಶನಿಗೆ ಕಾರ್ಕ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗ, ನನ್ನ ಓದಿಗೆ ಈ ದೇಶದಲ್ಲಿ ಏನು ಕೆಲಸ ಎಂದು ಎಲ್ಲರೂ ಕೇಳುತ್ತಿದ್ದರು. ಟ್ರಸ್ಟಿನವರಿಗೆ ಮರದ ಆರೋಗ್ಯ ನೋಡುವವರು ಬೇಕಾಗಿದ್ದರು. ೨೦೧೭ರ ಸೆಪ್ಟೆಂಬರ್ ೪, ಸೋಮವಾರ ಕೆಲಸಕ್ಕೆ ಸೇರಿದೆ.

ಅಂದು ಹಡಗಿನ ಮೇಲೆ ಇದ್ದವರು ಡೋನಲ್. ಹಡಗಿನ ಬಡಗಿ, ಕಾವಲುಗಾರ, ಯಜಮಾನ ಎಲ್ಲವೂ ಅವರೇ. ಹಡಗು ಕೆಸರಿನಿಂದ ಎದ್ದ ದಿನದಿಂದ ಜೊತೆಗಿದ್ದವರು. ಮದುವೆಯಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಒಬ್ಬ ತಂಗಿ ಇದ್ದಳು, ಅಷ್ಟೇ. ಅವರದು ಕಾರ್ಕ್‌ನ ಇಂಗ್ಲಿಷ್. ನನ್ನ ಕಿವಿಗೆ ಅದು ಹೇಗೆ ಕೇಳಿಸುತ್ತಿತ್ತೋ ಹಾಗೆ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ಗುಡ್ ಮಾರ್ನಿಂಗ್ ಸರ್" ಎಂದೆ.

ಅವರು ತಿರುಗಿ ತಮ್ಮ ಬೆನ್ನ ಹಿಂದೆ ನೋಡಿದರು. "ಇಲ್ಲಿ ಯಾವ ಸರ್ ಇದಾನೆ? ನನಗಂತೂ ಕಾಣ್ತಿಲ್ಲ. ಡೋನಲ್ ಅನ್ನು."

"ಹೆಸರು ಹಿಡಿದು ಕರೆಯೋಕೆ ಬರಲ್ಲ. ನೀವು ನಮ್ಮಪ್ಪನಿಗಿಂತ ದೊಡ್ಡವರು."

"ಅಷ್ಟು ಜೋರಾಗಿ ಹೇಳ್ಬೇಡ ಹುಡುಗಿ. ಅವಳು ಕೇಳಿಸ್ಕೊಳ್ತಾಳೆ."

ಅವಳು ಎಂದರೆ ಹಡಗು. ಅವರ ಬಾಯಲ್ಲಿ ಹಡಗು ಯಾವತ್ತೂ ಅವಳೇ. ಬರುಬರುತ್ತ ನನ್ನ ಬಾಯಲ್ಲೂ ಹಾಗೆಯೇ ಆಯಿತು.

ಅಂದು ಮಧ್ಯಾಹ್ನವೇ ಮೊದಲ ಪಾಠ. ಏಣಿಯಲ್ಲಿ ಹಡಗಿನ ತಳಕ್ಕೆ ಇಳಿದೆವು. ಮರದ ಹಡಗು ಎಂದಮೇಲೆ ತಳದಲ್ಲಿ ಸ್ವಲ್ಪ ನೀರು ಇದ್ದೇ ಇರುತ್ತದೆ, ಅದನ್ನು ಪಂಪ್ ಹಚ್ಚಿ ತೆಗೆಯುತ್ತಾರೆ. ಡೋನಲ್ ಟಾರ್ಚ್ ಹಿಡಿದು, ಹಲಗೆ ಸಂದಿಯಿಂದ ಜಿನುಗುವ ಹನಿಯೊಂದನ್ನು ಬೆರಳಿಗೆ ತಗೊಂಡು ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದರು.

"ಉಪ್ಪು. ಗ್ರ್ಯಾಂಡ್. ಈಗ ನೀನು."

"ನಾನು ವೆಜಿಟೇರಿಯನ್" ಎಂದೆ. ಬೇರೆ ನೆಪ ಹೊಳೆಯಲಿಲ್ಲ.

"ಮೀನಿಲ್ಲ ಇದರಲ್ಲಿ. ಟಾರ್ಚ್ ಹಾಕಿ ನೋಡಿದೀನಿ."

ನೆಕ್ಕಿ ನೋಡಿದೆ. ಉಪ್ಪು, ಡಾಂಬರು, ಒಂದಿಷ್ಟು ಕಲ್ಲಿದ್ದಲಿನ ಒಗರು. ಆಮೇಲೆ ಕಾರಣ ಹೇಳಿದರು. ಒಳಗೆ ಬಂದ ನೀರು ಉಪ್ಪಾಗಿದ್ದರೆ ಅದು ಸಮುದ್ರದ್ದು. ಕೆಳಗೆ ಎಲ್ಲೋ ಹಲಗೆ ಸಂದಿ ಬಿಟ್ಟುಕೊಂಡಿದೆ, ಡ್ರೈ ಡಾಕಿಗೆ, ಅಂದರೆ ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆಗೆ, ಒಯ್ದು ಡಾಂಬರು ಹಚ್ಚಿದ ನಾರು ತುಂಬಿದರೆ ಮುಗಿಯಿತು. ಉಪ್ಪುನೀರಿನಲ್ಲಿ ಮರ ಸುಲಭಕ್ಕೆ ಕೊಳೆಯುವುದಿಲ್ಲ. ಸಿಹಿನೀರಾದರೆ ಅದು ಮಳೆಯದು. ಮೇಲಿನ ಡೆಕ್‌ನಿಂದ ಇಳಿದು, ತೊಲೆಗಳ ತುದಿಗಳಲ್ಲಿ ಕೂತು, ಕಣ್ಣಿಗೆ ಕಾಣದ ಕಡೆಯೆಲ್ಲ ಕೊಳೆಸಿ ತಳ ಸೇರಿದ ನೀರು. ಬಟ್ಟೆಯ ಲೆಕ್ಕದಲ್ಲಿ ಹೇಳಿದರೆ ಉಪ್ಪಾದರೆ ಹೊಲಿಗೆ ಬಿಟ್ಟಿದೆ, ಸಿಹಿಯಾದರೆ ಬಟ್ಟೆಯೇ ಪಿಸಿದಿದೆ. ಆದ್ದರಿಂದಲೇ ಡೋನಲ್ ಸಂಜೆ ಹೊತ್ತು ಡೆಕ್ ತೊಳೆಯಲು ಬಂದರಿನ ನೀರನ್ನೇ ಬಕೆಟ್‌ನಲ್ಲಿ ಸೇದುತ್ತಿದ್ದರು. ಕಟ್ಟೆಯ ಮೇಲೆ ನಲ್ಲಿಯಿದ್ದರೂ ಅದರ ನೀರನ್ನು ಡೆಕ್ ಮೇಲೆ ಬೀಳಲು ಬಿಡುತ್ತಿರಲಿಲ್ಲ. ಈ ಕೆಲಸಕ್ಕೆ ಬರುವವರು ಮೊದಲು ಕಲಿಯಬೇಕಾದದ್ದು ಇದು. ನಮ್ಮ ಮನೆಗಳಲ್ಲಿ ಒಳ್ಳೆಯ ನೀರು ಎನ್ನಿಸಿಕೊಳ್ಳುವುದು ಹಡಗಿಗೆ ಕೆಟ್ಟ ನೀರು.

ನಮ್ಮಿಬ್ಬರ ಮೇಲಿದ್ದ ಮ್ಯಾನೇಜರ್ ಫಿಯೋನಾ. ಮೊದಲು ಹೋಟೆಲು ನಡೆಸುತ್ತಿದ್ದವಳು. ಹಡಗಿನ ವಿಷಯ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳಿಕೊಳ್ಳಲು ನಾಚಿಕೆಯೂ ಇರಲಿಲ್ಲ. ೨೦೧೯ರಲ್ಲಿ ಅವಳು ನನ್ನ ಮಾತು ಕೇಳಿ ನೀರಿನ ಉಪ್ಪು ಅಳೆಯುವ ಮೀಟರ್ ತರಿಸಿದಳು. ಡೋನಲ್ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿ, "ಬ್ಯಾಟರಿ ಬೇಡದ್ದು ನನ್ನ ಬಾಯಲ್ಲೇ ಇದೆ" ಎಂದರು. ಹಾಗಾದರೆ ಪರೀಕ್ಷೆ ಆಗಿಹೋಗಲಿ ಎಂದು ಫಿಯೋನಾ ಮೂರು ಕಪ್‌ಗಳಲ್ಲಿ ನೀರಿಟ್ಟಳು. ಡೋನಲ್ ಕಣ್ಣು ಮುಚ್ಚಿ ರುಚಿ ನೋಡಿದರು.

"ಇದು ಬಂದರು. ಇದು ಅರ್ಧ ಬಂದರು, ಅರ್ಧ ನಲ್ಲಿ. ಇದು ಆಫೀಸಿನ ಕೆಟಲ್‌ದು. ಫಿಯೋನಾ, ಆ ಕೆಟಲ್ ತೊಳೆದು ಎಷ್ಟು ದಿನ ಆಯ್ತು?"

ಮೀಟರ್ ಹೇಳಿದ್ದೂ ಅದನ್ನೇ, ಕೆಟಲ್ ವಿಷಯವೊಂದನ್ನು ಬಿಟ್ಟು. ಆಮೇಲೆ ಮೀಟರ್ ಆಫೀಸಿನ ಬೀರುವಿನಲ್ಲೇ ಉಳಿಯಿತು. ಡೋನಲ್ ಉಪ್ಪು ಅಂದರೆ ಉಪ್ಪು, ಸಿಹಿ ಅಂದರೆ ಸಿಹಿ. ಟ್ರಸ್ಟಿನ ಸಭೆಯಲ್ಲೂ ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ಮರದ ಕೆಲಸವಷ್ಟೇ ನಮ್ಮ ಕೆಲಸ ಎಂದುಕೊಳ್ಳಬೇಡಿ. ಬಂದವರಿಗೆ ಹಡಗು ತೋರಿಸುವುದೂ ಇರುತ್ತದೆ. ೨೦೧೮ರ ಜುಲೈನಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿ ಹೆಂಗಸೊಬ್ಬರು ಬಂದಿದ್ದರು, ಎಪ್ಪತ್ತರ ಆಸುಪಾಸು. ಡೋನಲ್ ಎಂದಿನಂತೆ ಮಂಚಗಳ ಸಾಲು ತೋರಿಸಿ, ಹಸಿದು, ಬಾಡಿಗೆ ಕಟ್ಟಲಾಗದೆ, ಊರು ಬಿಟ್ಟು ಅಳುತ್ತ ಹೊರಟವರ ಕಥೆ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಆ ಕಡೆ ದಡದಲ್ಲಿ ನಿಂತು, ಇವರು ಇಳಿಯೋದನ್ನ ನೋಡಿದವರೂ ಇದ್ರು. ಅವರ ಕಥೆ ಯಾವ ಬೋರ್ಡ್‌ನಲ್ಲಿದೆ?"

ಡೋನಲ್ ಬೋರ್ಡುಗಳನ್ನೆಲ್ಲ ಒಂದೊಂದಾಗಿ ತಿರುಗಿ ನೋಡಿದರು. ಆಕೆ ಹೋದಮೇಲೆ "ಇಷ್ಟು ವರ್ಷ ಅರ್ಧ ಕಥೆ ಹೇಳ್ಕೊಂಡು ಬಂದೆನಲ್ಲ" ಎಂದರು. ಮುಂದಿನ ವಾರ ಫಿಯೋನಾಳಿಗೆ ಹೇಳಿ ಹೊಸ ಬೋರ್ಡ್ ಮಾಡಿಸಿದರು. ಇಲ್ಲಿ ನೆಲ ಕಳೆದುಕೊಂಡವರು ಅಲ್ಲಿ ಹೋಗಿ ಇನ್ನೊಬ್ಬರ ನೆಲ ತೆಗೆದುಕೊಂಡರು ಎಂದು ಅದರಲ್ಲಿ ಬರೆದಿದೆ. ಆ ವಾಕ್ಯ ಡೋನಲ್‌ದು, ನಾನು ಟೈಪ್ ಮಾಡಿದೆ ಅಷ್ಟೇ.

೨೦೨೦ರ ಮಾರ್ಚ್ ಎರಡನೇ ವಾರದಲ್ಲಿ ಎಲ್ಲ ಮುಚ್ಚಿತು. ಎಪ್ಪತ್ತು ದಾಟಿದವರು ಮನೆಬಿಟ್ಟು ಹೊರಗೆ ಬರಬಾರದು ಎಂದರು. ಆ ನಿಯಮಕ್ಕೆ ಇಲ್ಲಿ ಇಟ್ಟ ಹೆಸರು ಕೊಕೂನಿಂಗ್, ಅಂದರೆ ರೇಷ್ಮೆಹುಳುವಿನ ಹಾಗೆ ಗೂಡಿನಲ್ಲಿರುವುದು. ಡೋನಲ್‌ಗೆ ಆಗ ಎಪ್ಪತ್ತೆರಡು. ಫೋನಿನಲ್ಲಿ ನಾನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ವಿಷಯ ಹೇಳಿದೆ.

"ಒಳಗಿರೋ ಹುಳುವನ್ನ ಆಮೇಲೆ ಏನ್ಮಾಡ್ತೀರಿ?" ಎಂದು ಕೇಳಿದರು.

ಕುದಿಯುವ ನೀರಿಗೆ ಹಾಕುತ್ತೇವೆ ಎನ್ನಲಾಗದೆ, "ನೂಲು ತೆಗೀತೀವಿ" ಎಂದೆ.

"ಹ್ಞೂಂ, ಗೊತ್ತಾಯ್ತು ಬಿಡು" ಎಂದು ನಕ್ಕರು.

ಅದೇ ವಾರ ಫಿಯೋನಾ ಹಡಗನ್ನೂ ಮುಚ್ಚಿಸಿದಳು. ಮಳೆ ಬೀಳಬಾರದು, ಕುಡಿಯುವ ಹುಡುಗರು ಒಳಗೆ ಇಳಿಯಬಾರದು ಎಂದು ಡೆಕ್ ತುಂಬ ಪ್ಲಾಸ್ಟಿಕ್ ಹೊದಿಸಿ, ಕೆಳಗಿಳಿಯುವ ಬಾಗಿಲುಗಳಿಗೆಲ್ಲ ಬೀಗ ಹಾಕಿಸಿದಳು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಇಡೀ ದೇಶವೇ ಬಾಗಿಲು ಹಾಕಿಕೊಂಡಿತ್ತು. ಡೋನಲ್ ಮಾತ್ರ ದಿನಾ ಅವಳಿಗೆ ಫೋನ್ ಮಾಡಿದರು. "ಮೂಗು ಬಾಯಿ ಎರಡೂ ಮುಚ್ಚಿದೀಯ ಅವಳದ್ದು. ಗಾಳಿ ಬೇಕು ಅವಳಿಗೆ." ಫಿಯೋನಾ, "ಡೋನಲ್, ಯಾರನ್ನ ಕಳಿಸ್ಲಿ? ನಿನ್ನನ್ನ ಕಳ್ಸಿದ್ರೆ ನನ್ನನ್ನ ಜೈಲಿಗೆ ಹಾಕ್ತಾರೆ" ಎನ್ನುತ್ತಿದ್ದಳು. ನನ್ನ ಮನೆಯಿಂದ ಹಡಗಿಗೆ ಇದ್ದ ದೂರವೂ ಆಗಿನ ನಿಯಮ ಮೀರುವಂಥದ್ದು.

ಜೂನ್ ಕೊನೆಯಲ್ಲಿ ಬೀಗ ತೆಗೆದಾಗ ಮೊದಲು ಬಂದದ್ದು ವಾಸನೆ. ಮುಚ್ಚಿಟ್ಟ ಬುತ್ತಿಯನ್ನು ವಾರದ ಮೇಲೆ ತೆರೆದಂತೆ. ಮಂಚಗಳ ಮೇಲೆ ಬಿಳಿ ಬೂಷ್ಟು ಅರಳೆಯ ಹಾಗೆ ಎದ್ದಿತ್ತು. ಪ್ಲಾಸ್ಟಿಕ್ ಕೆಳಗೆ ಬೆವರಿದ ನೀರು ತೊಲೆಗಳಿಂದ ತೊಟ್ಟಿಕ್ಕುತ್ತಿತ್ತು. ಜುಲೈನಲ್ಲಿ ಡೋನಲ್ ಬಂದರು. ಕ್ಯಾನ್ವಾಸ್ ಬಟ್ಟೆಯ ಒಂದು ಉದ್ದ ಕೊಳವೆಯನ್ನು ಕಂಬಕ್ಕೆ ಕಟ್ಟಿ, ಅದರ ಬಾಯಿಯನ್ನು ಗಾಳಿಗೆ ತಿರುಗಿಸಿ, ಬಾಲವನ್ನು ಕೆಳಗಿನ ಅಂತಸ್ತಿಗೆ ಇಳಿಬಿಟ್ಟರು. ಕೊಳವೆ ಉಬ್ಬಿತು. ವಲಸೆಗಾರರ ಕಾಲದಲ್ಲಿ ಕೆಳಗೆ ಮಲಗಿದವರಿಗೆ ಗಾಳಿ ಹೋಗುತ್ತಿದ್ದುದೂ ಇಂಥದ್ದರಿಂದಲೇ. ಬಿರುಗಾಳಿ ಎದ್ದಾಗ ಮಾತ್ರ ಅದನ್ನು ಬಿಚ್ಚಿ, ಬಾಗಿಲು ಹಾಕಿ ಮೊಳೆ ಹೊಡೆಯುತ್ತಿದ್ದರಂತೆ.

"ಬಾಗಿಲು ಹಾಕಿದ್ದು ಅವರನ್ನ ಉಳಿಸೋಕೇ" ಎಂದರು ಡೋನಲ್. "ಅದರಿಂದಲೇ ಸತ್ತವರೂ ಇದ್ರು, ಒಳಗೆ ಜ್ವರ ಹರಡಿ."

ಫಿಯೋನಾ ಅಲ್ಲೇ ನಿಂತಿದ್ದಳು. "ನನ್ನಿಂದ ತಪ್ಪಾಯ್ತು ಡೋನಲ್" ಎಂದಳು.

"ನಿನಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಬ್ರಷ್ ತಗೋ."

ಮೂವರೂ ಬ್ರಷ್ ಹಿಡಿದು ಆ ಬೇಸಿಗೆಯೆಲ್ಲ ಉಜ್ಜಿದೆವು. ಮೇಲಿನ ಬೂಷ್ಟು ಹೋಯಿತು. ತೊಲೆಗಳ ಒಳಗೆ ಎಷ್ಟು ಕೊಳೆತಿದೆ ಎನ್ನುವುದು ಗೊತ್ತಾಗಲಿಲ್ಲ. ಸಾಗುವಾನಿ ತಡೆದುಕೊಳ್ಳುತ್ತದೆ, ಆದರೆ ಕಲ್ಲಿದ್ದಲ ಕಾಲದ ಪೈನ್ ತೇಪೆಗಳನ್ನು ನಂಬುವಂತಿರಲಿಲ್ಲ. ಹೊರಗಿನ ಪರೀಕ್ಷಕರನ್ನು ಕರೆಸಲು ಆಗದ ಕಾಲ. ಅಷ್ಟರಲ್ಲಿ ಟ್ರಸ್ಟಿನವರು ಒಂದು ತೀರ್ಮಾನಕ್ಕೆ ಬಂದರು: ೨೦೨೧ರ ಜನವರಿ ಕೊನೆಯಲ್ಲಿ ಸಭೆ. ಸಂದಿಗಳಷ್ಟೇ ಬಿಟ್ಟಿದ್ದರೆ ಡ್ರೈ ಡಾಕಿಗೆ ಕಳಿಸಿ ರಿಪೇರಿ. ಮಳೆನೀರು ಇಳಿದು ಒಳಗೆಲ್ಲ ಕೊಳೆತಿದ್ದರೆ ಹಡಗನ್ನು ಒಡೆಸುವುದು. ಎರಡರಲ್ಲಿ ಯಾವುದು ಎಂದು ಹೇಳಬೇಕಾದವರು ಡೋನಲ್.

ಅಕ್ಟೋಬರಿನ ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ದೂರ ದೂರ ಕೂತು ಊಟ ಮಾಡುವಾಗ ಅವರು ಕೇಳಿದರು: "ಅವಳನ್ನ ಒಡೆದುಬಿಟ್ರೆ ಸೋಮವಾರ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗ್ಲಿ, ಸುಮಾ?" ತಮಾಷೆಯ ಧ್ವನಿಯಲ್ಲೇ ಕೇಳಿದರು. ನಾನು ಚಿತ್ರಾನ್ನದ ಡಬ್ಬಿ ಅವರ ಕಡೆ ಸರಿಸಿದೆ. ಅವರು ಅದರಲ್ಲಿದ್ದ ಕಡಲೆಬೀಜ ಮಾತ್ರ ಆರಿಸಿಕೊಂಡು ತಿಂದರು.

ಡಿಸೆಂಬರಿನ ಬಿರುಗಾಳಿಯ ಮೇಲೆ ತಳದ ನೀರು ಏರತೊಡಗಿತು. ಪಂಪ್ ದಿನಕ್ಕೊಂದು ಸಲ ಸಾಲದಾಯಿತು. ೨೦೨೧ರ ಜನವರಿ ೮, ಶುಕ್ರವಾರ, ಅಗತ್ಯ ಕೆಲಸವೆಂದು ಪತ್ರ ಹಿಡಿದು ನಾನೂ ಡೋನಲ್ಲೂ ಹಡಗಿಗೆ ಹೋದೆವು. ಅವರು ಬೇಡವೆಂದರೂ ಕೇಳುವವರಲ್ಲ. ಸ್ವಲ್ಪ ಸುಸ್ತಾದಂತೆ ಕಂಡರು. "ರಾತ್ರಿ ನಿದ್ದೆ ಇಲ್ಲ, ಇವಳ ಚಿಂತೆ" ಎಂದರು. ಇಬ್ಬರೂ ಮಾಸ್ಕ್ ಹಾಕಿಕೊಂಡು ತಳಕ್ಕೆ ಇಳಿದೆವು.

ಡೋನಲ್ ಮಾಸ್ಕನ್ನು ಗಲ್ಲಕ್ಕೆ ಎಳೆದು, ಮೊದಲ ಸಂದಿಯ ಹನಿ ನಾಲಿಗೆಗೆ ಮುಟ್ಟಿಸಿದರು. ಇನ್ನೊಂದು ಕಡೆ ನೋಡಿದರು. ಆಮೇಲೆ ಮುಂಭಾಗಕ್ಕೆ ಹೋಗಿ ಅಲ್ಲಿಯದನ್ನೂ ನೋಡಿದರು.

"ಸಿಹಿ" ಎಂದರು.

"ಎಲ್ಲಾ ಕಡೆನಾ?"

"ಎಲ್ಲಾ ಕಡೆ. ಉಪ್ಪಿನ ಸುಳಿವೇ ಇಲ್ಲ."

ನಾನೂ ನೋಡುತ್ತೇನೆಂದು ಮಾಸ್ಕಿಗೆ ಕೈ ಹಾಕಿದೆ. ಅವರು ಕೈ ಎತ್ತಿ ತಡೆದರು. "ಬೇಡ. ಇಷ್ಟು ಸಣ್ಣ ಜಾಗದಲ್ಲಿ ಅದನ್ನ ತೆಗೀಬೇಡ. ಮನೇಲಿ ಮಗು ಇದೆ ನಿನಗೆ. ಒಬ್ಬರ ಬಾಯಿ ಸಾಕು."

ದಾಖಲೆಗೆಂದು ಇಡುವ ಪದ್ಧತಿಯಂತೆ ನಾನು ಬಾಟಲಿಗಳಲ್ಲಿ ನೀರು ತುಂಬಿ, ಜಾಗ ಬರೆದ ಚೀಟಿ ಅಂಟಿಸಿದೆ. ಮೀಟರ್ ಆಫೀಸಿನಲ್ಲಿತ್ತು. ಆಫೀಸಿನ ಬೀಗದ ಕೈ ಫಿಯೋನಾಳ ಹತ್ತಿರ, ಅವಳು ಬರುವುದು ಸೋಮವಾರ. ಡೋನಲ್ 'ಸಿಹಿ' ಎಂದಮೇಲೆ ಅದಕ್ಕೆ ಅವಸರವೂ ಇರಲಿಲ್ಲ. ಅವರು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಅಲ್ಲಿಂದಲೇ ಫಿಯೋನಾಳಿಗೆ ಫೋನ್ ಮಾಡಿದರು. "ಮೇಲಿಂದ ಇಳಿದಿದೆ. ಅವಳ ಕಥೆ ಮುಗೀತು. ಸಭೆಗೆ ಹೇಳು." ಬೇರೆ ಯಾರ ಬಾಯಿಂದಲೂ ಆ ಮಾತು ಹೊರಡಬಾರದು ಎನ್ನುವಂತೆ ತಾವೇ ಹೇಳಿ ಮುಗಿಸಿದರು. ಫೋನ್ ಜೇಬಿಗೆ ಹಾಕಿ, ಪಕ್ಕದ ತೊಲೆಯ ಮೇಲೆ ಅಂಗೈ ಇಟ್ಟು ಕೂತರು. ನಾನು ಪಂಪ್ ಶುರು ಮಾಡಿದೆ.

ಶನಿವಾರ ಸಂಜೆ ಫೋನ್ ಮಾಡಿದಾಗ ಅವರ ದನಿ ಕುಗ್ಗಿತ್ತು.

"ಊಟ ಮಾಡಿದ್ರಾ?"

"ಟೀ ಮಾಡ್ಕೊಂಡೆ. ಬರೀ ಬಿಸಿನೀರು ಕುಡಿದ ಹಾಗಿದೆ. ಮಾರ್ಮಲೇಡ್ ಜಾಮ್ ತಿಂದ್ರೆ ಅಂಟು ತಿಂದ ಹಾಗೆ. ನಿನ್ನೆಯಿಂದ ಬಾಯಿಗೆ ಏನೂ ಹತ್ತಾ ಇಲ್ಲ ಹುಡುಗಿ."

ಸಾವಿನ ಮನೆಯಲ್ಲಿ ಬಾಯಿ ರುಚಿ ಕೆಡುವುದು ನಾವೆಲ್ಲ ಕಂಡದ್ದೇ. ಇದೂ ಅದೇ ಎಂದುಕೊಂಡೆ. "ಸ್ವಲ್ಪ ಮಲಕ್ಕೊಳ್ಳಿ ಡೋನಲ್" ಎಂದೆ.

ಜನವರಿ ೧೧, ಸೋಮವಾರ. ಫಿಯೋನಾ ಆಫೀಸು ತೆರೆದಳು. ನಾನು ಮೊದಲ ಬಾಟಲಿಗೆ ಮೀಟರ್ ಅದ್ದಿದೆ. ಸಮುದ್ರದ ಉಪ್ಪು ತೋರಿಸಿತು. ಎರಡನೆಯದೂ ಅಷ್ಟೇ.

"ಬಾಟಲಿ ತೊಳೆದಿದ್ಯಾ?" ಎಂದಳು ಫಿಯೋನಾ.

"ಮನೇಲಿ ತೊಳೆದು ಒಣಗಿಸಿ ತಂದಿದ್ದೆ."

"ಡೋನಲ್ ತಪ್ಪು ಹೇಳಲ್ಲ."

"ನನಗೂ ಗೊತ್ತು."

ಮೀಟರನ್ನೇ ಹಿಡಿದು ಇಬ್ಬರೂ ತಳಕ್ಕೆ ಇಳಿದೆವು. ಡೋನಲ್ ರುಚಿ ನೋಡಿದ ಅದೇ ಸಂದಿಗಳ ಹನಿ ಹಿಡಿದೆವು. ಉಪ್ಪು. ಕಟ್ಟೆಯ ಪಕ್ಕದ ಬಂದರಿನ ನೀರು ಸೇದಿ ಅಳೆದೆವು. ಎರಡೂ ಒಂದೇ. ಅಂದರೆ ಮಳೆನೀರಲ್ಲ. ಕೊಳೆತಿಲ್ಲ. ಸಂದಿ ಬಿಟ್ಟಿದೆ ಅಷ್ಟೇ, ಹಡಗು ಉಳಿಯುತ್ತದೆ. ಫಿಯೋನಾ ನನ್ನ ಮುಖ ನೋಡಿದಳು. ಇಬ್ಬರಿಗೂ ಸಂತೋಷವಾಗಬೇಕಿತ್ತು.

"ಟೀ" ಎಂದೆ. "ಟೀ ರುಚಿ ಗೊತ್ತಾಗ್ತಿಲ್ಲ ಅಂದಿದ್ರು."

ಫಿಯೋನಾ ಏಣಿ ಹತ್ತುತ್ತಲೇ ಅವರ ಪಕ್ಕದ ಮನೆಗೆ ಫೋನ್ ಮಾಡಿದಳು. ಹಿಂದಿನ ರಾತ್ರಿ ಉಸಿರು ಕಟ್ಟಿ ಆಂಬುಲೆನ್ಸ್ ಬಂದಿತ್ತಂತೆ. ಫೋನ್ ಅಡುಗೆಮನೆಯ ಮೇಜಿನ ಮೇಲೆ ಬಿಟ್ಟು ಹೋಗಿದ್ದರು.

ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ವಾರ್ಡಿನ ಫೋನ್ ಸಿಗುತ್ತಿರಲಿಲ್ಲ, ಸಿಕ್ಕರೂ ಮನೆಯವರಲ್ಲದವರಿಗೆ ಏನೂ ಹೇಳುತ್ತಿರಲಿಲ್ಲ. ಫಿಯೋನಾ ಇಂಗ್ಲೆಂಡಿನ ತಂಗಿಗೆ ಹೇಳಿದಳು. ಆಕೆಗೂ "ಆಕ್ಸಿಜನ್ ಕೊಡ್ತಿದೀವಿ" ಎನ್ನುವುದಕ್ಕಿಂತ ಹೆಚ್ಚು ಸಿಗಲಿಲ್ಲ. ಮಂಗಳವಾರ ಬೆಳಿಗ್ಗೆ ನನಗೆ ರಾಘವೇಂದ್ರ ನೆನಪಾದರು. ದಾವಣಗೆರೆಯಲ್ಲಿ ಓದಿ ಬಂದ ಡಾಕ್ಟರು, ಅದೇ ಆಸ್ಪತ್ರೆಯಲ್ಲಿ ಕೆಲಸ. ಗಣೇಶನ ಹಬ್ಬದಲ್ಲಿ ಪರಿಚಯವಾದವರು.

"ಸುಮಾ, ನಾನು ಆ ವಾರ್ಡಲ್ಲಿಲ್ಲ ಕಣ್ರೀ. ಇಲ್ಲಿ ಒಬ್ಬೊಬ್ರಿಗೂ ಉಸಿರಾಡೋಕೆ ಟೈಮಿಲ್ಲ."

"ಡಾಕ್ಟ್ರೇ, ಒಂದೇ ಒಂದು ಮಾತು. ಹಡಗಿನ ನೀರು ಉಪ್ಪು ಅಂತ ಅವರ ಕಿವಿಗೆ ಬೀಳ್ಬೇಕು. ಅಷ್ಟು ಹೇಳಿದ್ರೆ ಅವರಿಗೆ ಎಲ್ಲಾ ಗೊತ್ತಾಗತ್ತೆ. ಹಡಗು ಸತ್ತೋಯ್ತು ಅಂದ್ಕೊಂಡು ಮಲಗಿದಾರೆ."

ಅವರು "ನೋಡ್ತೀನಿ" ಎಂದರು.

ಸಂಜೆ ಅವರೇ ಫೋನ್ ಮಾಡಿದರು. ಆ ವಾರ್ಡಿನ ಬಾಗಿಲವರೆಗೆ ಹೋಗಿದ್ದರು. ಒಳಗೆ ಹೋಗುವಂತಿರಲಿಲ್ಲ. ಡ್ಯೂಟಿ ಬದಲಾಗುವ ಹೊತ್ತು. ಗೌನು, ಮಾಸ್ಕು, ಮುಖದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿಕೊಂಡ ನರ್ಸ್ ಒಬ್ಬರು ಬಾಗಿಲಿಗೆ ಬಂದರು. ರಾಘವೇಂದ್ರ ಇಂಗ್ಲಿಷಿನಲ್ಲಿ ಹೇಳಲು ಶುರು ಮಾಡಿದ್ದಾರೆ. ಮಧ್ಯೆ ಆ ನರ್ಸ್, "ಸಾರ್, ನೀವು ಕನ್ನಡದವ್ರಾ?" ಎಂದರಂತೆ.

"ಡೋನಲ್ ಅಂತ ಒಬ್ರು ಇದಾರಲ್ಲ, ಅವರಿಗೆ ಹೇಳಿ, ಹಡಗಿನ ನೀರು ಉಪ್ಪಾಗೇ ಇದೆ ಅಂತ. ಸುಮಾ ಹೇಳಿ ಕಳ್ಸಿದಾಳೆ ಅನ್ನಿ."

"ಉಪ್ಪು ಅಂತನಾ ಸಾರ್? ಅಷ್ಟೇನಾ?"

"ಅಷ್ಟೇ."

"ಆಯ್ತು ಸಾರ್, ಇಂಜೆಕ್ಷನ್ ಮುಗಿಸಿ ಹೇಳ್ತೀನಿ."

ಅಂದು ರಾತ್ರಿಯೇ ನನಗೂ ಜ್ವರ ಏರಿತು. ಬುಧವಾರದ ಟೆಸ್ಟ್‌ನಲ್ಲಿ ಪಾಸಿಟಿವ್ ಬಂತು. ಯಾರಿಂದ ಯಾರಿಗೆ ಎನ್ನುವ ಲೆಕ್ಕ ನಾನು ಹಾಕಿಲ್ಲ. ಆ ವಾರ ಇಡೀ ಊರಿಗೇ ಬಂದಿತ್ತು.

ಜನವರಿ ೧೪, ಗುರುವಾರ, ಸಂಕ್ರಾಂತಿ. ಹರೀಶ್ ಕೋಣೆಯ ಬಾಗಿಲ ಹೊರಗೆ ತಟ್ಟೆಯಲ್ಲಿ ಎಳ್ಳುಬೆಲ್ಲ ಇಟ್ಟು ಹೋಗಿದ್ದ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಬೆಲ್ಲದ ಅಚ್ಚು ನಾಲಿಗೆಯ ಮೇಲೆ ಕರಗುವುದು ಗೊತ್ತಾಗುತ್ತಿತ್ತು, ಸಿಹಿ ಗೊತ್ತಾಗುತ್ತಿರಲಿಲ್ಲ. ಏನೂ ಇಲ್ಲ. ಡೋನಲ್‌ಗೆ ಹಡಗಿನ ತಳದಲ್ಲಿ ಆದದ್ದು ಏನೆಂದು ಆಗ ನನ್ನ ಬಾಯಿಗೇ ತಿಳಿಯಿತು. ಉಪ್ಪು ಇಲ್ಲದ ನೀರು ಎಂದರೆ ಅವರ ಪಾಲಿಗೆ ಮಳೆನೀರು, ಬೇರೆ ಅರ್ಥ ಅವರಿಗೆ ಹೊಳೆಯಲು ಸಾಧ್ಯವೇ ಇರಲಿಲ್ಲ. ಜೀವಮಾನದಲ್ಲಿ ತಮ್ಮ ನಾಲಿಗೆಯನ್ನು ಅನುಮಾನಿಸಿದವರಲ್ಲ ಅವರು. ತಟ್ಟೆ ಇನ್ನೂ ಕೈಯಲ್ಲಿರುವಾಗಲೇ ಫಿಯೋನಾಳ ಫೋನ್ ಬಂತು. ಬೆಳಗಿನ ಜಾವ ಹೋಗಿಬಿಟ್ಟಿದ್ದರು.

ಅಂತ್ಯಕ್ರಿಯೆಗೆ ಹತ್ತು ಜನಕ್ಕೆ ಮಾತ್ರ ಅವಕಾಶ. ಊರವರು ರಸ್ತೆಯ ಎರಡೂ ಬದಿ ದೂರ ದೂರ ನಿಂತು ಶವದ ಕಾರು ಹೋಗುವುದನ್ನು ನೋಡಿದರಂತೆ. ಕಟ್ಟೆಯ ಹತ್ತಿರ ಕಾರು ಸ್ವಲ್ಪ ಹೊತ್ತು ನಿಂತಿತಂತೆ. ನಾನು ಕೋಣೆಯೊಳಗೆ ಮಲಗಿ, ಚರ್ಚಿನ ಕ್ಯಾಮೆರಾ ತೋರಿಸಿದಷ್ಟನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಬಾಗಿಲಾಚೆ ಅಪ್ಪನ ಫೋನಿನಲ್ಲಿ ಅದನ್ನೇ ನೋಡುತ್ತಿದ್ದ ಮಗಳು, ತನ್ನ ಶಾಲೆಯ ಕಾರ್ಕ್ ಧಾಟಿಯಲ್ಲಿ, "ಮಮ್ಮಿ, ಈಸ್ ಡೋನಲ್ ಇನ್ ದ ಬಾಕ್ಸ್, ಲೈಕ್?" ಎಂದು ಕೇಳಿದಳು. "ಹೌದು ಪುಟ್ಟಾ" ಎಂದೆ. ಅವಳಿಗೆ ಐದು ವರ್ಷ. ಡೋನಲ್ ಅವಳಿಗೆ ಮರದ ಚೂರುಗಳಿಂದ ದೋಣಿ ಮಾಡಿಕೊಡುತ್ತಿದ್ದರು.

ಜನವರಿ ಕೊನೆಯ ಸಭೆ ವಿಡಿಯೋದಲ್ಲಿ ನಡೆಯಿತು. ನಾನು ಮಾತಾಡಲಾಗದಷ್ಟು ಕೆಮ್ಮುತ್ತಿದ್ದೆ. ಫಿಯೋನಾ ಮೀಟರಿನ ಅಂಕಿಗಳನ್ನು ಓದಿದಳು. ಡೋನಲ್ ಹೇಳಿದ್ದೇನು, ಅದು ಯಾಕೆ ಹಾಗಾಯಿತು ಎನ್ನುವುದನ್ನೂ ಹೇಳಿದಳು. ಯಾರೂ ವಿರೋಧ ಮಾಡಲಿಲ್ಲ. ಸೆಪ್ಟೆಂಬರಿನಲ್ಲಿ ಹಡಗನ್ನು ಎಳೆದುಕೊಂಡು ಹೋಗಿ ಡ್ರೈ ಡಾಕಿನಲ್ಲಿ ಕೂರಿಸಿದರು. ನೀರು ಇಳಿಸಿ ನೋಡಿದರೆ ಕೆಳಗಿನ ಸಂದಿಗಳು ಬಿಟ್ಟಿದ್ದವು, ಅಷ್ಟೇ. ತೊಲೆಗಳ ತುದಿ ಕೊರೆದು ನೋಡಿದಾಗ ಹೊಸದಾಗಿ ಸೀಳಿದ ಸಾಗುವಾನಿಯ ವಾಸನೆ ಬಂತೆಂದು ಫಿಯೋನಾ ಹೇಳಿದಳು. ನಾನು ಡಾಕಿನ ದಂಡೆಯ ಬೆಂಚಿನ ಮೇಲೆ ಕೂತಿದ್ದೆ. ಏಣಿ ಇಳಿಯಲು ಆಗಲಿಲ್ಲ, ವಾಸನೆಯೂ ನನಗೆ ಬರಲಿಲ್ಲ. ಈಗ ಸಂದಿಗಳಿಗೆಲ್ಲ ಹೊಸ ನಾರು ತುಂಬಿ ಅವಳನ್ನು ಮತ್ತೆ ತನ್ನ ಜಾಗಕ್ಕೆ ತಂದು ಕಟ್ಟಿದ್ದಾರೆ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟು. ನಾಲಿಗೆಯಿಂದಲೂ ನೋಡಿ, ಮೀಟರಿನಿಂದಲೂ ನೋಡಿ. ಎರಡೂ ಬೇರೆ ಬೇರೆ ಹೇಳಿದ ದಿನ ಹಡಗನ್ನು ಬಿಟ್ಟು ಮೊದಲು ಮನುಷ್ಯನ ಮೈ ಮುಟ್ಟಿ ನೋಡಿ.

ಇನ್ನು ನನ್ನ ಕೋರಿಕೆ. ರಾಘವೇಂದ್ರ ಆಮೇಲೆ ಆ ವಾರ್ಡಿನಲ್ಲಿ ವಿಚಾರಿಸಿದರು. ಆ ತಿಂಗಳು ಏಜೆನ್ಸಿಯಿಂದ ಬಂದುಹೋದ ನರ್ಸ್‌ಗಳು ಹಲವರು, ಅಂದು ಬಾಗಿಲಿಗೆ ಬಂದವರು ಯಾರೆಂದು ಹೇಳಬಲ್ಲವರು ಯಾರೂ ಇಲ್ಲ. ಅವರ ಮುಖವನ್ನು ರಾಘವೇಂದ್ರ ನೋಡಿಲ್ಲ. ಮಾತು ಹಾಸನದ ಕಡೆಯದಿರಬಹುದು ಎನ್ನುತ್ತಾರೆ, ಖಚಿತವಿಲ್ಲ. ಇದನ್ನು ಕನ್ನಡದಲ್ಲಿ ಬರೆದದ್ದಕ್ಕೆ ಅದೂ ಒಂದು ಕಾರಣ.

೨೦೨೧ರ ಜನವರಿ ೧೨, ಮಂಗಳವಾರ ಸಂಜೆ ಕಾರ್ಕ್‌ನ ಆಸ್ಪತ್ರೆಯೊಂದರಲ್ಲಿ, ಹಡಗಿನ ನೀರು ಉಪ್ಪು ಎಂಬ ವಿಚಿತ್ರ ಸುದ್ದಿಯನ್ನು ಮುದುಕರೊಬ್ಬರಿಗೆ ತಲುಪಿಸಲು ಒಪ್ಪಿಕೊಂಡವರು ನೀವಾಗಿದ್ದರೆ, ಅಥವಾ ಅವರು ನಿಮ್ಮ ತಂಗಿಯೋ, ಸೊಸೆಯೋ, ಗೆಳತಿಯೋ ಆಗಿದ್ದರೆ, ಇದನ್ನು ಅಚ್ಚುಹಾಕಿದ ಈ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಬರೆಯಿರಿ. ಹೆಸರು ಹಾಕದಿದ್ದರೂ ಸರಿ. ಕೆಲಸದ ಗಲಾಟೆಯಲ್ಲಿ ಹೇಳಲು ಆಗಲಿಲ್ಲ ಎಂದಾದರೆ ಹಾಗೆಯೇ ಬರೆಯಿರಿ, ನಿಮ್ಮ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ನೀವು ಹೋಗುವಷ್ಟರಲ್ಲಿ ಅವರಿಗೆ ಎಚ್ಚರವಿರಲಿಲ್ಲ ಎಂದಾದರೆ ಅದನ್ನೂ ಬರೆಯಿರಿ. ಹೇಳಿದ್ದರೆ, ಆಗ ಅವರು ಕಣ್ಣು ತೆರೆದಿದ್ದರೇ, ನಿಮ್ಮ ಕಡೆ ನೋಡಿದರೇ, ತಲೆಯಾಡಿಸಿದರೇ?